ಎರಡು ಬುಟ್ಟಿ ಮಣ್ಣು

ಅಜ್ಜ ಬಾವಿ ತೋಡುವವನು. ಕತ್ತಲ ಬಾವಿಗೆ ಕಲ್ಲೊಂದನ್ನು ಬಿಟ್ಟು, ಕಣ್ಣು ಮುಚ್ಚಿ ಎಣಿಸಿ, ನೀರಿನ ಸದ್ದು ಬಂದೊಡನೆ ಆಳ ಇಷ್ಟು ಮಾರು ಎನ್ನುತ್ತಿದ್ದ; ಆಮೇಲೆ ಹಗ್ಗ ಇಳಿಸಿ ಅಳೆದೂ ನೋಡುತ್ತಿದ್ದ. ಅಪ್ಪ ಗಡಿಯಾರ ರಿಪೇರಿಯವನು. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತಿದ್ದ ಗೋಡೆ ಗಡಿಯಾರವನ್ನು, ಅದರ ಯಜಮಾನ ಇಷ್ಟಾದರೂ ಸಾಕು ಕೊಡಪ್ಪಾ ಎಂದು ಗೋಗರೆದರೂ, ಎಂಟು ತಿಂಗಳು ಕೊಡದೆ ಇಟ್ಟುಕೊಂಡಿದ್ದ. ನೂಲಿನಂತೆ ಸೀರೆ ಎನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಈ ಇಬ್ಬರ ರಕ್ತ ಹಂಚಿಕೊಂಡ ಹೆಣ್ಣುಮಗಳು ತಕ್ಕಡಿ ಟೀಚರ್ ಆಗದೆ ಇನ್ನೇನಾದಾಳು?

ಆ ಹೆಸರು ಮಕ್ಕಳು ಇಟ್ಟದ್ದು. ಶಾಲೆಯ ಗೇಟಿನಿಂದ ಪ್ರಯೋಗಶಾಲೆಯ ಹೊಸ್ತಿಲಿಗೆ ಟೀಚರ್ ಕಾಲಿಗೆ ತೊಂಬತ್ತಾರು ಹೆಜ್ಜೆ. ಒಳಗೆ ಬಂದವರೇ ಲೆಕ್ಕ ಒಪ್ಪಿಸುವರು: "ಇವತ್ತು ನೂರಾ ಮೂರಾಯ್ತಣ್ಣ, ಮಂಡಿ ಹಿಡ್ಕೊಂಡಿದೆ." ಹೆಗಲಲ್ಲಿ ಆಸಿಡ್ ಕಚ್ಚಿ ತೂತುಬಿದ್ದ ಬಿಳಿ ಕೋಟು, ಅದರ ಜೇಬಿನಲ್ಲಿ ದಾರ, ಮಸೂರ, ಸೀಮೆಸುಣ್ಣ, ಒಂದಷ್ಟು ಮೊಳಕೆಯೊಡೆದ ಕಾಳು. ಯಾರು ಏನೇ ಹೇಳಲಿ, ಅವರದು ಒಂದೇ ಪ್ರಶ್ನೆ: "ಕಂಡದ್ದೋ, ಕೇಳಿದ್ದೋ?" ನೆರೆಮನೆಯ ಜಗಳದ ಸುದ್ದಿ ತಂದವರಿಗೂ ಇದೇ ಕೇಳಿ ಬಾಯಿ ಮುಚ್ಚಿಸುತ್ತಿದ್ದರು.

ಲೆಕ್ಕ ಕೇಳಿಸಿಕೊಳ್ಳುತ್ತಿದ್ದ ಅಣ್ಣ ಎಂದರೆ ಪ್ರಯೋಗಶಾಲೆಯ ಜವಾನ ಸೀಸೆಯಣ್ಣ. ಮೂವತ್ತು ವರ್ಷ ಸೀಸೆ ತೊಳೆದೂ ತೊಳೆದೂ ಅಂಟಿದ ಹೆಸರು. ತಾನು ಒಂದು ದಿನವೂ ಬೆಂಚಿನ ಮೇಲೆ ಕೂತವನಲ್ಲ, ಹಿಂದಿನ ಗೋಡೆಗೆ ಒರಗಿಯೇ ಆರರಿಂದ ಹತ್ತರವರೆಗಿನ ವಿಜ್ಞಾನವನ್ನು ಅರೆದು ಕುಡಿದವನು ಎಂಬ ಹಮ್ಮು ಅವನಿಗಿತ್ತು. ಆ ಹಮ್ಮಿನಲ್ಲಿ ಸುಳ್ಳೇನೂ ಇರಲಿಲ್ಲ.

ಟೀಚರ್ ಹಟ ಒಂದೇ. ಆರನೇ ತರಗತಿಯಲ್ಲಿ ಕೈ ಹಿಡಿದ ಮಕ್ಕಳನ್ನು ಹತ್ತನೆಯದು ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಮೊದಲ ದಿನವೇ ಕೇಳುವರು: ಮರದ ಮೈ ಎಲ್ಲಿಂದ ಬಂತು? ಮಣ್ಣು ತಿಂದು ಬಂತು ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿ ನೋಟುಪುಸ್ತಕದಲ್ಲಿ ಬರೆಯುವರು. ಟೀಚರ್ ಅದಕ್ಕೆ ಸರಿಯ ಗುರುತೂ ಹಾಕರು, ತಪ್ಪಿನ ಗುರುತೂ ಹಾಕರು, ತಾರೀಖು ಮಾತ್ರ ಹಾಕುವರು. ಬಿಸಿಲಲ್ಲಿ ಒಣಗಿಸಿದ ತೊಂಬತ್ತು ಕಿಲೋ ಮಣ್ಣನ್ನು ಡ್ರಮ್ಮಿಗೆ ತುಂಬಿಸಿ, ಸಸಿಯನ್ನೂ ತೂಗಿ ನೆಡಿಸಿ, ಧೂಳು ಬೀಳದಂತೆ ಸಸಿಯ ಬುಡದ ಸುತ್ತ ಮಣ್ಣಿಗೊಂದು ತಗಡು ಮುಚ್ಚಿಸುವರು. ಏಳರಲ್ಲಿ ಅದೇ ಗಿಡದ ಎಲೆ ಮಸೂರದಡಿ, ಎಂಟರಲ್ಲಿ ಅದೇ ಎಲೆಗೆ ಅಯೋಡಿನ್, ಒಂಬತ್ತರಲ್ಲಿ ಅದು ಉಸಿರಾಡುವ ಗಾಳಿ, ಹತ್ತರಲ್ಲಿ ಮತ್ತೆ ತಕ್ಕಡಿ. ಆದರೆ ಆ ಕೊನೆಯ ತೂಕ ಅವರಿಗೆ ಒಮ್ಮೆಯೂ ದಕ್ಕಿರಲಿಲ್ಲ. ಮೊದಲ ಗಿಡವನ್ನು ಮೇಕೆ ಮೇಯ್ದಿತ್ತು. ಎರಡನೆಯದರ ಡ್ರಮ್ಮಿಗೆ ತುಕ್ಕು ಹಿಡಿದು ತಳವೇ ಕಳಚಿತ್ತು. ಇದು ಮೂರನೆಯದು, ಟೀಚರ್ ನಿವೃತ್ತಿಯ ವರ್ಷ.

ತೂಗುವ ದಿನ ಗಿಡವನ್ನು ಕಿತ್ತು, ಬೇರು ಕೊಡವಿ ತಕ್ಕಡಿಗೇರಿಸಿದರು. ಕಾಲು ಕಿಲೋ ಇದ್ದದ್ದು ಮೂವತ್ತೊಂದಾಗಿತ್ತು. ನಾಲ್ಕು ದಿನ ಒಣಗಿಸಿದ ಮಣ್ಣು ನೂರಾ ಎಂಟು. ಮರ ಮಣ್ಣನ್ನು ಹೆತ್ತಿದೆ ಎಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರ್ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಆದರೂ ಸೀಸೆಯಣ್ಣ ಹೆಗಲು ಮುಟ್ಟಿ ನೋಡಿಕೊಂಡ. ಬೇಸಿಗೆ ರಜೆಯಲ್ಲಿ ಎಲೆ ಹಳದಿಯಾದದ್ದನ್ನು ಕಂಡು ಅವನಿಗೆ ತಡೆಯಲಾಗಿರಲಿಲ್ಲ. ತಗಡು ಸರಿಸಿ ಎರಡು ಬುಟ್ಟಿ ಕೆರೆಮಣ್ಣು ಸುರಿದಿದ್ದ.

ತಲೆ ತಗ್ಗಿಸಿ ಒಪ್ಪಿಕೊಂಡ. "ಎರಡೇ ಬುಟ್ಟಿ ಟೀಚರಮ್ಮ. ಹದಿನೆಂಟು ಕಿಲೋ ಅಂತ ಕಳೆದುಬಿಡಿ, ಸರಿಹೋಗುತ್ತೆ."

"ತೂಗಿದ್ದೆಯಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಟೀಚರ್ ಕೋಟಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿಕೊಂಡರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಮಕ್ಕಳ ಕಡೆ ತಿರುಗಿ, ಕಂಡದ್ದನ್ನು ಬರೆಯಿರಿ, ಪುಸ್ತಕದಲ್ಲಿ ಇರುವುದನ್ನಲ್ಲ ಎಂದರು. ಹಿಂದಿನ ಬೆಂಚಿನವನೊಬ್ಬ ಬರೆದ: 'ಮಣ್ಣು ನೂರಾ ಎಂಟು. ಕಾರಣ: ಸೀಸೆಯಣ್ಣನ ಮಮತೆ.' ಅದಕ್ಕೂ ಬಿದ್ದದ್ದು ತಾರೀಖು ಮಾತ್ರ.

ಆಗ ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ಆ ಬುಟ್ಟಿ ಎಲ್ಲಿದೆ ಎಂದು ಕೇಳಿದಳು. ಮೂಲೆಯಲ್ಲೇ ಇತ್ತು. ಅದಕ್ಕೆ ಕೆರೆಯ ಹಸಿಮಣ್ಣನ್ನು ಗೋಪುರದಂತೆ ಒಟ್ಟಿ, ಇನ್ನೊಂದು ಹಿಡಿಯೂ ನಿಲ್ಲದಂತೆ ತುಂಬಿ, ಎರಡು ಸಲ ತೂಗಿಸಿದಳು. ಎರಡೂ ಸೇರಿ ಇಪ್ಪತ್ತೆಂಟು. "ಅಣ್ಣ ಎಷ್ಟೇ ಹಾಕಿದ್ರೂ ಇದಕ್ಕಿಂತ ಜಾಸ್ತಿ ಹಾಕಿರೋಕೆ ಆಗಲ್ಲ ಮಿಸ್. ಹಾಗಾದ್ರೆ ನೂರಾ ಎಂಟರಲ್ಲಿ ಹಳೇ ಮಣ್ಣು ಎಂಬತ್ತಾದ್ರೂ ಇದೆ, ತೊಂಬತ್ತರಲ್ಲಿ ಹೋಗಿದ್ದು ಬಹಳ ಅಂದ್ರೆ ಹತ್ತು ಕಿಲೋ. ಹತ್ತು ತಿಂದು ಮೂವತ್ತು ಕಿಲೋ ಮೈ ಬರುತ್ತಾ?" ಎಂದವಳು ಆರನೇ ತರಗತಿಯ ಪುಸ್ತಕ ತೆಗೆದು, ಐದು ವರ್ಷದ ಹಿಂದಿನ ತನ್ನ ಉತ್ತರದ ಮೇಲೆ ತಾನೇ ಗೀಟು ಎಳೆದಳು.

ಟೀಚರ್ ಕಿಟಕಿಯತ್ತ ತಿರುಗಿ ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಸರಿ ಮಗಳೇ. ಆದ್ರೆ ಇದು ಯೋಚಿಸಿ ಹಿಡಿದದ್ದು. ಕಂಡದ್ದು ಇನ್ನೂ ಬಾಕಿ ಇದೆ" ಎಂದರು.

ಬೀಳ್ಕೊಡುಗೆಯ ಹಾರ ಇನ್ನೂ ಬಾಡಿರಲಿಲ್ಲ. ಸಂಬಳವಿಲ್ಲದೆ ವಾರಕ್ಕೊಂದು ಗಂಟೆ ಪಾಠ ಮಾಡಲು ಹೆಡ್ಮಾಸ್ತರರನ್ನು ಒಪ್ಪಿಸಿ, ಹೊಸ ಆರನೇ ತರಗತಿಗೆಂದು ಟೀಚರ್ ಗೇಟಿನಲ್ಲಿ ಬಂದು ನಿಂತಿದ್ದರು. ಕಂಕುಳಲ್ಲಿ ಸಸಿ, ಸೊಂಟದ ಮೇಲೆ ಒಣಮಣ್ಣಿನ ಬುಟ್ಟಿ. ಉತ್ತರ ಗೊತ್ತಿರುವವರು ಲೋಕದಲ್ಲಿ ಬೇಕಾದಷ್ಟು ಜನ. ಗೊತ್ತಿರುವ ಉತ್ತರವನ್ನೂ ಹೊಸ್ತಿಲಲ್ಲಿ ನಿಲ್ಲಿಸಿ ವಿಚಾರಿಸಿಯೇ ಒಳಗೆ ಬಿಡುವ ಜಾತಿ ಬೇರೆ. ಅಂಥವರು ಮನೆಗೊಬ್ಬರಿದ್ದರೆ ಕಷ್ಟ, ಊರಿಗೊಬ್ಬರಿಲ್ಲದಿದ್ದರೆ ಇನ್ನೂ ಕಷ್ಟ. ಸೀಸೆಯಣ್ಣ ಓಡಿ ಬಂದು ಬುಟ್ಟಿಗೆ ಕೈ ಚಾಚಿದ. ಅವರು ಸೊಂಟ ತಿರುಗಿಸಿದರು.

"ಬೇಡಣ್ಣ, ನಾನೇ ಹೊರ್ತೀನಿ. ಇದೂ ಕೆಟ್ರೆ ಇನ್ನೊಂದು ಐದು ವರ್ಷ ನಾನು ಎಲ್ಲಿಂದ ತರಲಿ?"