ಅಳತೆಗೆ ಸರಿಯಾದ ಪಾತ್ರ

ಸೂಪರ್‌ವೈಸರ್ ಪಾತ್ರಕ್ಕೆ ನಮ್ಮ ಸೂಪರ್‌ವೈಸರನ್ನೇ ಹಾಕಿಕೊಳ್ಳಿ ಎಂದು, ನಮ್ಮ ಬಗ್ಗೆ ಸಿನಿಮಾ ಮಾಡಲು ಬಂದಿದ್ದ ಡೈರೆಕ್ಟರ್ ಹುಡುಗಿಯ ಕಿವಿ ಊದಿದವಳು ನಾನೇ.

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅರವತ್ತು ಹೆಂಗಸರಿಗೆ ಶೌಚಾಲಯಕ್ಕೆ ಹೋಗಲು ತೋರಿಸಬೇಕಾದ ಬಿಲ್ಲೆ ಒಂದೇ. ಅದು ಸೂಪರ್‌ವೈಸರನ ಕೊರಳಲ್ಲಿರುತ್ತದೆ. ಏಳು ತಿಂಗಳ ಬಸುರಿ ನನ್ನ ತಂಗಿ ಅವತ್ತು ಹೊಟ್ಟೆ ಹಿಡಿದುಕೊಂಡು ಬಿಲ್ಲೆ ಕೇಳಿದಳು, ಅಂಗಲಾಚಿದಳು, ಆಮೇಲೆ ಮೆಷಿನ್ನಿನ ಕೆಳಗೆ ಬಿದ್ದಳು. ಮಗು ಉಳಿಯಲಿಲ್ಲ.

ವಿಚಾರಣೆಯಲ್ಲಿ ಅವನು, "ಕೇಳೇ ಇಲ್ಲ ಸಾರ್. ಕೇಳಿದ್ರೆ ಕೊಡ್ತಿರ್ಲಿಲ್ವಾ? ನಾನೂ ಹೆಣ್ಣು ಹೆತ್ತೋನು," ಎಂದ. ಪಕ್ಕದ ಮೆಷಿನ್ನಿನವರೆಲ್ಲ ಕೆಲಸ ಹೋಗುವ ಭಯಕ್ಕೆ ತಲೆ ತಗ್ಗಿಸಿದರು.

ಶೂಟಿಂಗ್ ದಿನ ಅವನು ಮುಖಕ್ಕೆ ಪೌಡರ್ ಮೆತ್ತಿಕೊಂಡು ಬಂದ.

"ನನ್ ಡೈಲಾಗ್ ಎಲ್ಲಮ್ಮಾ?"

"ದಿನಾ ಹೇಗಿರ್ತೀರೋ ಹಾಗೇ ಇರಿ ಸಾರ್, ಸಾಕು," ಎಂದಳು ಡೈರೆಕ್ಟರ್.

ಬಸುರಿಯ ಪಾತ್ರ ನನ್ನದು. ಹೊಟ್ಟೆಗೆ ಚಿಂದಿಬಟ್ಟೆಯ ಗಂಟು. ಕ್ಯಾಮೆರಾ ಶುರುವಾದದ್ದೇ ಅವನು ಮದುಮಗನಂತೆ ನಾಚತೊಡಗಿದ. ಇದು ಕೆಲಸಕ್ಕೆ ಬಾರದು ಎಂದು ನಾನು ಬೇಕೆಂದೇ ಕಾಲರನ್ನು ಉಲ್ಟಾ ಕೂರಿಸಿ ಹೊಲಿದೆ. ಬಿಚ್ಚಿಸಿದ. ಮತ್ತೆ ಉಲ್ಟಾ ಹೊಲಿದೆ. ಪಿತ್ತ ನೆತ್ತಿಗೇರಿ ಕ್ಯಾಮೆರಾ ಮರೆತ. ಆಗ ಬಿಲ್ಲೆ ಕೇಳಿದೆ.

"ಹೊಟ್ಟೆ ತೋರ್ಸಿ ಹೆದರಿಸ್ತೀಯಾ? ನಿನ್ ತಂಗೀನೂ ಹಿಂಗೇ ಬೇಡ್ಕೊಂಡ್ಲು. ಬಿಟ್ನಾ? ಮುಚ್ಕೊಂಡು ಹೊಲಿ!"

"ಕಟ್!" ಡೈರೆಕ್ಟರ್ ಕುಣಿದಾಡಿದಳು. "ಅದ್ಭುತ ಸಾರ್!"

ಅವನು ಬೀಗಿದ.

ಸಿನಿಮಾ ತೋರಿಸಿದ ದಿನ ಹೆಂಡತಿ, ಮಗಳನ್ನು ಕರೆದುಕೊಂಡು ಬಂದು ಎರಡನೆಯ ಸಾಲಿನ ನಡುವೆ ಕೂತ. ತೆರೆಯ ಮೇಲೆ ಅವನ ಮುಖ ಬಂದಾಗ ಶಿಳ್ಳೆ ಬಿತ್ತು. ಆ ಮಾತು ಬಂದಾಗ ಹೆಂಗಸರೆಲ್ಲ ಅವನ ಕಡೆ ತಿರುಗಿದರು. ನನ್ನ ಪಕ್ಕದಲ್ಲಿ ತಂಗಿ ಸೆರಗಿನ ತುದಿ ಕಚ್ಚಿಕೊಂಡಿದ್ದಳು.

ದೀಪ ಹತ್ತಿತು. "ಏನ್ರೀ ಅದು?" ಅವನ ಹೆಂಡತಿ ಕೇಳಿದಳು.

"ಆ್ಯಕ್ಟಿಂಗ್ ಕಣೇ. ಅವ್ರು ಹೇಳ್ಕೊಟ್ಟಿದ್ದು."

ಡೈರೆಕ್ಟರ್ ಪಾಪ, ಏನೂ ತಿಳಿಯದವಳು. ಮೈಕ್ ಹಿಡಿದು ಹೆಮ್ಮೆಯಿಂದ ಹೇಳಿದಳು: "ಆ ಸೀನಿಗೆ ನಾವು ಒಂದು ಸಾಲೂ ಬರೆದಿರ್ಲಿಲ್ಲ. ಎಲ್ಲಾ ಸಾರ್ ಅವರ ಸ್ವಂತ ಮಾತು!"

ಮಗಳು ಅವನ ತೋಳಿನ ಮೇಲಿದ್ದ ಕೈ ತೆಗೆದಳು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಅಂಗೈ ಉರಿಯುವವರೆಗೆ.

ಅವನು ಹೊರಗೆ ಹೋಗಲು ಎದ್ದ. ವಿಚಾರಣೆಯ ದಿನ ತಲೆ ತಗ್ಗಿಸಿದವರೇ ಆ ಸಾಲಿನಲ್ಲಿ ಕೂತಿದ್ದರು. ಒಬ್ಬಳೂ ಕಾಲು ಸರಿಸಲಿಲ್ಲ.

"ಕೂತ್ಕೊಳ್ಳಿ ಸಾರ್," ಎಂದಳು ಗುಂಡಿ ಹಚ್ಚುವ ಮುದುಕಿ. "ಇನ್ನೊಂದ್ಸಲ ಹಾಕ್ಸೋಣ."