ಸುಮ್ಮನೆ ಕೂರುವ ಪರೀಕ್ಷೆ

ಉಮಾಶಂಕರನ ಬೋಳು ತಲೆ ಕಂಡು ಅನುಶ್ರೀಗೆ ಖುಷಿಯಾಯಿತು. ಮೈಸೂರಿನ ಹೊರಗಿದ್ದ ಆ ಪೈಲಟ್ ಶಾಲೆಯಲ್ಲಿ ಅವಳದು ಮಿದುಳು ನೋಡುವ ಕೆಲಸ. ಕಲಿಯುವವರ ತಲೆಗೆ ವೈರುಗಳ ಟೋಪಿ ತೊಡಿಸಿ, ಒಳಕ್ಕೆ ಬೆಳಕು ಬಿಟ್ಟರೆ, ಹೆಣಗುವವನ ಮಿದುಳು ಕಂಪ್ಯೂಟರಿನಲ್ಲಿ ಕೆಂಪಾಗುತ್ತದೆ. ಪಳಗಿದವನದು ನೀಲಿಯಾಗಿಯೇ ಉಳಿಯುತ್ತದೆ. ಹೋದ ತಿಂಗಳು ಇವನ ದಟ್ಟ ಕೂದಲು ಬೆಳಕನ್ನೆಲ್ಲ ನುಂಗಿ ಪರೀಕ್ಷೆ ಕೆಟ್ಟಿತ್ತು.

“ತಿರುಪತಿನಾ?”

“ಹೂಂ ಮೇಡಮ್.”

“ಮತ್ತೆ ಲಡ್ಡು ಎಲ್ರೀ?”

“ಬಸ್ಸಲ್ಲೇ ಖಾಲಿಯಾಯ್ತು.”

ಸುಳ್ಳು ಸಲೀಸಾಗಿ ಬಂತು. ತನ್ನೂರು ಭೇರ್ಯದಲ್ಲಿ ಅಪ್ಪನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅವನು ಹಿಂದಿನ ದಿನವಷ್ಟೇ ಬಂದಿದ್ದ. ರಜೆ ಕೇಳುವಾಗ ಹರಕೆ ಅಂದಿದ್ದ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಈ ಶಾಲೆ ಒಂದು ತಿಂಗಳು ವಿಮಾನ ಹತ್ತಲು ಬಿಡುವುದಿಲ್ಲ. ಇವತ್ತು ಪಾಸಾದರೆ ನಾಳೆ ಬೆಳಿಗ್ಗೆ ಮೊದಲ ಸಲ ಒಬ್ಬನೇ ಹಾರಬಹುದು. ಇಲ್ಲವಾದರೆ ಮತ್ತೆ ಆ ಮನೆ.

ನಕಲಿ ಕಾಕ್‌ಪಿಟ್ಟಿನ ಪರದೆಯಲ್ಲಿ ರನ್‌ವೇ ಮೂಡಿತು. ಅಡ್ಡಗಾಳಿ ಬೀಸುವಂತೆ ಮಾಡಿದ್ದರು. ಅವನು ವಿಮಾನ ಇಳಿಸಿದ.

“ಪೂರ್ತಿ ನೀಲಿ. ಇಷ್ಟು ಹಗುರವಾಗಿ ಯಾರೂ ಇಳಿಸಿಲ್ಲ ಕಣ್ರೀ,” ಅಂದಳು. “ಈಗ ಕಣ್ಣು ಮುಚ್ಚಿ ಸುಮ್ನೆ ಕೂರಿ. ತಲೆ ಅಲ್ಲಾಡಿಸಬೇಡಿ. ಇಳಿಸಿದಾಗಿನ ಅಳತೇನ ವಿಶ್ರಾಂತಿಯ ಅಳತೆಗೆ ಹೋಲಿಸಿದ್ರೆ ಮುಗೀತು.”

ಪರದೆ ಕಪ್ಪಾಯಿತು. ಕಣ್ಣು ಮುಚ್ಚಿದೊಡನೆ ಊರಿನ ಕಾಲುವೆ ಏರಿಯ ಮೇಲೆ ಕ್ಷೌರದ ಚಲುವಯ್ಯನ ಕತ್ತಿ ಅವನ ನೆತ್ತಿಗೆ ತಣ್ಣಗೆ ತಾಗಿತು. “ತಲೆ ಬಗ್ಸು ಕಣ್ಲಾ. ನಿಮ್ಮಪ್ಪನ್ಗೂ ನಾನೇ ಮಾಡ್ತಿದ್ದೆ. ಅವ್ನೂ ಇಂಗೇ, ಒಂದ್ ಗಳ್ಗೆ ನೆಟ್ಗೆ ಕೂರ್ತಿರ್ನಿಲ್ಲ.” ನೆಂಟರಲ್ಲಿ ಯಾರೋ ನಕ್ಕಿದ್ದರು. ಒದ್ದೆ ಕೂದಲು ಮಡಿಲಿಗೆ ಬೀಳುತ್ತಲೇ ಇತ್ತು.

“ಇದೇನ್ರೀ, ಎಲ್ಲಾ ಕೆಂಪು. ಏನೂ ಯೋಚಿಸಬೇಡಿ.”

ಮತ್ತೊಮ್ಮೆ ಕೂತ. ಮತ್ತೂ ಕೆಂಪು.

“ವಿಶ್ರಾಂತೀನೇ ಇಲ್ದೆ ಯಾವುದಕ್ಕೆ ಹೋಲಿಸ್ಲಿ? ಇಳಿಸುವಾಗ ನೀಲಿ, ಸುಮ್ನೆ ಕೂತ್ರೆ ಕೆಂಪು. ಮನೇಲಿ ಏನಾದ್ರೂ ಆಗಿದ್ಯಾ?”

ಇಲ್ಲ ಅನ್ನಬಹುದಿತ್ತು. ಆದರೆ ಮತ್ತೆ ಕಣ್ಣು ಮುಚ್ಚಿಸುತ್ತಾಳೆ.

“ಅಪ್ಪ ಹೋದ್ರು ಮೇಡಮ್.”

ಅವಳು ಅವನ ತಲೆಯನ್ನು ಮೊದಲ ಸಲ ಕಾಣುವವಳಂತೆ ನೋಡಿದಳು.

“ನಾನು ಇದನ್ನ ಕ್ಯಾಪ್ಟನ್‌ಗೆ ಹೇಳ್ಲೇಬೇಕು.”

“ಗೊತ್ತು.”

“ಒಂದು ತಿಂಗಳು ತಾನೇ. ಊರಲ್ಲಿ ನಿಮ್ಮೋರೆಲ್ಲ ಇರ್ತಾರಲ್ಲ.”

“ಎಲ್ಲಾರೂ ಅವ್ರೆ,” ಅಂದ. ಗಡಿಯಾರ ನೋಡಿ, “ಬಸ್ಸಿಗೆ ಇನ್ನೂ ಟೈಮಿದೆ. ಇನ್ನೊಂದ್ಸಲ ಇಳಿಸ್ಲಾ? ಲೆಕ್ಕಕ್ಕೆ ಬೇಡ,” ಅಂತ ಕೇಳಿದ.

ಅನುಶ್ರೀ ಅವನ ತಲೆಯಿಂದ ಟೋಪಿ ಬಿಚ್ಚಿ ಪರದೆಯನ್ನು ಮತ್ತೆ ಚಾಲೂ ಮಾಡಿದಳು. ದೂರದಲ್ಲಿ ರನ್‌ವೇ ಕಾಣಿಸಿತು, ಹತ್ತಿರ ಬಂತು, ಅದರ ಬಿಳಿ ಗೆರೆಗಳು ಒಂದೊಂದಾಗಿ ಬಿಡಿಸಿಕೊಂಡವು. ಚಕ್ರ ತಾಗುವುದಕ್ಕೆ ಮೊದಲು ಅವನು ವಿಮಾನವನ್ನು ಮತ್ತೆ ಮೇಲಕ್ಕೆತ್ತಿಕೊಂಡ.