ದಾರ್ದೋ ಗುರುವಾದದ್ದು

ಹೊಳೆಯಾಚೆ ಅರ್ಜೆಂಟೀನಾ ಕಾಣುವ ನಮ್ಮ ಸಾಲ್ತೋ ಊರಿನಲ್ಲಿ ಜನ ಬೆಳಗ್ಗೆ ರೇಡಿಯೋ ಹಾಕುವುದು ಸತ್ತವರ ಸುದ್ದಿ ಕೇಳಲು. ಯಾರು ಹೋದರು, ಮಣ್ಣು ಎಷ್ಟು ಹೊತ್ತಿಗೆ ಎಂದು ತಿಳಿದರೆ ದಿನದ ಕೆಲಸ ಹೊಂದಿಸಿಕೊಳ್ಳಬಹುದು. ಆ ಸುದ್ದಿ ಓದುವವನು ನಾನು. ದಿನಾ ನನ್ನ ಸುದ್ದಿಗೆ ಮುಂಚೆ ನುಬಿಯಾ ಎಚೆವೆರಿ ಮಾತಾಡುತ್ತಿದ್ದಳು. ಶಾಲೆಯಿಂದ ನಿವೃತ್ತಳಾದ ಮೇಡಮ್ಮು. ಪಾಠ ಹೇಳುವ ಚಟ ಮಾತ್ರ ನಿವೃತ್ತಿಯಾಗಿರಲಿಲ್ಲ. ಬೇರೆಯವರ ಬದುಕಿನಿಂದ ನಾವು ಕಲಿಯಬೇಕಾದದ್ದೇ ಅವಳ ವಿಷಯ. ಕಣ್ಣು ಕಾಣದೆಯೂ ಬುಟ್ಟಿ ಹೆಣೆಯುವವನು, ನೆರೆಗೆ ಮನೆ ಕೊಚ್ಚಿಹೋದಾಗಲೆಲ್ಲ ಹಾಡುತ್ತ ಇನ್ನೊಂದು ಕಟ್ಟಿದವಳು, ಹೀಗೆ. ಕೊನೆಗೆ, “ಏಳಿ, ಮುಖ ತೊಳೀರಿ, ನಗಿ” ಎನ್ನುತ್ತಿದ್ದಳು. ಊರು ಎದ್ದು, ಮುಖ ತೊಳೆದು, ಸತ್ತವರ ಹೆಸರು ಕೇಳುತ್ತಿತ್ತು.

ಜೂನ್ ಎಂದರೆ ನಮ್ಮಲ್ಲಿ ಚಳಿಗಾಲ. ಅಂಥ ಒಂದು ಜೂನ್ ತಿಂಗಳಲ್ಲಿ ನುಬಿಯಾ ತಾನೇ ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ, ಯಾರೂ ಸತ್ತಿರಲಿಲ್ಲ. ಮನಸ್ಸು ನೀರು ಕುಡಿದ ಕಂಬಳಿಯ ಹಾಗೆ ಭಾರವಾಗಿತ್ತು, ಅಷ್ಟೆ. ಹೊದ್ದು ಗೋಡೆ ಕಡೆ ತಿರುಗಿ ಮಲಗಿದಳು.

ಸುದ್ದಿ ಹರಡಿ ಜನ ಬರತೊಡಗಿದರು. ಮೊದಲು ಬಂದವಳು ನಾದಿನಿ ಸುಲ್ಮಾ. ಮಾಟೆ ಕಷಾಯದ ಸೋರೆಬುರುಡೆ ಕೈಯಲ್ಲಿ, ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ.

“ಅತ್ಗೆ, ಆ ಬುಟ್ಟಿ ಹೆಣೆಯೋನನ್ನ ನೆನಪು ಮಾಡ್ಕೊಳಿ. ಅವನಿಗೆ ಕಣ್ಣೇ ಇಲ್ಲ.”

“ಗೊತ್ತು ಕಣೇ, ನಾನೇ ಹೇಳಿದ್ದು.”

“ಮತ್ತೆ? ನಿಮಗೆ ಎರಡೂ ಕಣ್ಣು ಚೆನ್ನಾಗಿವೆ. ಮಲಗೋದಕ್ಕೆ ನಾಚಿಕೆ ಆಗಲ್ವಾ?”

ನುಬಿಯಾಗೆ ನಾಚಿಕೆಯಾಯಿತು. ಆದರೆ ಏಳಲಾಗಲಿಲ್ಲ. ಮೊದಲು ಬರೀ ಬೇಸರವಿತ್ತು, ಈಗ ಅದರ ಮೇಲೆ ನಾಚಿಕೆಯೂ ಕೂತಿತು. ಮಾಂಸದಂಗಡಿಯವನು ಬಂದು ಆ ಹಾಡುವ ಹೆಂಗಸಿನ ಕಥೆಯನ್ನು ಅವಳಿಗೇ ಪೂರ್ತಿ ಹೇಳಿದ. ಪಾದ್ರಿಗಳು ಬಾಗಿಲಲ್ಲೇ ನಿಂತು, “ಏಳಿ, ಮುಖ ತೊಳೀರಿ, ನಗಿ” ಎಂದು ತಾವೇ ನಕ್ಕರು. ಇಷ್ಟು ದಿನ ಊರಿಗೆ ಹಂಚಿದ್ದೆಲ್ಲ ಒಂದೂ ಸವೆಯದೆ ಅವಳ ಹಾಸಿಗೆಗೇ ವಾಪಸು ಬಂತು. “ನಾನು ಇಷ್ಟು ವರ್ಷ ಜನಕ್ಕೆ ಹೀಗೆ ಹಿಂಸೆ ಕೊಟ್ಟಿದ್ದೀನಾ?” ಎಂದು ಅವಳು ನೋಡಲು ಹೋಗಿದ್ದ ನನ್ನನ್ನು ಕೇಳಿದಾಗ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತೆ.

ಸುಲ್ಮಾ ಕರೆತಂದ ಡಾಕ್ಟರು ಮಾತ್ರ ಕಥೆ ಹೇಳಲಿಲ್ಲ. ನಿಧಾನವಾಗಿ ವಿಚಾರಿಸಿ, ಇದೂ ಒಂದು ಕಾಯಿಲೆಯೇ ಎಂದು ಹೇಳಿ, ಮಾತ್ರೆ ಬರೆದುಕೊಟ್ಟು, ವಾರ ವಾರ ಬಂದು ಕಾಣಬೇಕು, ದಿನಾ ಸ್ವಲ್ಪ ನಡೆಯಬೇಕು ಎಂದರು. ಮಾತ್ರೆಯೇನೋ ನುಂಗಿದಳು. ನಡೆಯುವುದು ಯಾರಿಗೆ ಬೇಕು?

ಆಗ ಪಕ್ಕದ ಮನೆಯ ದಾರ್ದೋ ಸಿಲ್ವೇರಾ ಜಗಳಕ್ಕೆ ಬಂದ. ಹೊಳೆಯಲ್ಲಿ ಲಾಂಚು ನಡೆಸುತ್ತಿದ್ದು ಮುದುಕನಾದವನು; ಮರ್ಯಾದೆಗೆ ಎಲ್ಲರೂ ದೋನ್ ಸೇರಿಸಿ ಕರೆಯುತ್ತಿದ್ದರು. ಅವನು ನಕ್ಕದ್ದನ್ನು ಕಂಡವರು ಊರಲ್ಲಿ ಇರಲಿಲ್ಲ. ಮನೆಯಲ್ಲಿ ರೇಡಿಯೋ ಇರಲಿಲ್ಲ. ಇದ್ದದ್ದು ಒಂದು ನಾಯಿ.

“ನಿಮ್ಮ ಕಿತ್ತಳೆ ಕೊಳೆತು ನನ್ನ ಹಿತ್ಲಿಗೆ ಬೀಳ್ತಿದೆ. ನಾಯಿ ತಿಂದು ಕಕ್ತಿದೆ.”

“ನನಗೆ ಮನಸ್ಸು ಸರಿ ಇಲ್ಲ, ದೋನ್ ದಾರ್ದೋ.”

“ನನಗೂ ಇರಲ್ಲ. ಆದ್ರೂ ಕಿತ್ತಳೆ ಬೀಳುತ್ತೆ.”

ಅವನು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಾಗಿಲಲ್ಲಿ ಸುಮ್ಮನೆ ನಿಂತೇ ಇದ್ದ. ಅವನನ್ನು ಕಳಿಸುವುದಕ್ಕೆ ಬೇರೆ ದಾರಿ ಕಾಣದೆ ನುಬಿಯಾ ರಾತ್ರಿಯುಡುಗೆಯ ಮೇಲೆ ಕೋಟು ಹಾಕಿಕೊಂಡು ಹಣ್ಣು ಆರಿಸಿದಳು. ಮರುದಿನ ಅವನು ನಾಯಿಯ ಹಗ್ಗ ಹಿಡಿದು ಬಂದ.

“ನನ್ನ ಮಂಡಿ ಹಿಡ್ಕೊಂಡಿದೆ. ಇದನ್ನ ಹೊಳೆ ತನಕ ಕರ್ಕೊಂಡ್ಹೋಗಿ. ನಿಮ್ಮ ಕಿತ್ತಳೆಯಿಂದಾನೇ ಇದರ ಹೊಟ್ಟೆ ಕೆಟ್ಟಿರೋದು.”

ಹೀಗೆ ನುಬಿಯಾ ದಿನಾ ಹೊಳೆಗೆ ಹೋಗತೊಡಗಿದಳು. ಅವನ ಮಂಡಿ ಸರಿಹೋದ ಮೇಲೆ ಇಬ್ಬರೂ ಹೋದರು. ಒಂದು ದಿನ ದಡದಲ್ಲಿ ಕೂತಾಗ ಕೇಳಿಯೇಬಿಟ್ಟಳು:

“ನೀವು ಈ ಬೇಜಾರನ್ನ ಹೇಗೆ ಎದುರಿಸ್ತೀರಿ?”

“ಯಾರು ಎದುರಿಸ್ತಾರೆ? ಬೆಳಗ್ಗೆ ನಾಯಿ ಬಾಗಿಲು ಕೆರೆಯುತ್ತೆ, ಹೊರಗೆ ಹೋಗ್ತೀನಿ. ಬಂದ್ಮೇಲೆ ಹಸಿವಾಗುತ್ತೆ, ತಿಂತೀನಿ. ಅಷ್ಟರಲ್ಲಿ ಸಂಜೆ ಆಗಿರುತ್ತೆ.”

“ಇದರಲ್ಲಿ ಪಾಠ ಏನು?”

“ಪಾಠ ಬೇಕಿದ್ರೆ ಸ್ಕೂಲಿಗೆ ಹೋಗಿ.”

ಆಗಸ್ಟಿನ ಹೊತ್ತಿಗೆ ಅವಳು ರೇಡಿಯೋಗೆ ಮರಳಿದಳು. ನಗಿ ಎಂದು ಹೇಳಲು ಬಾಯಿ ಬರಲಿಲ್ಲ. ತಾನು ಹಾಸಿಗೆ ಹಿಡಿದದ್ದು, ಡಾಕ್ಟರು, ಮಾತ್ರೆ ಎಲ್ಲ ಹೇಳಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಹಳೆಯ ಚಟ ಬಿಡಲಿಲ್ಲ. ದಾರ್ದೋ ಹೇಳಿದ್ದನ್ನೂ ಹೇಳಿದಳು, ಹೆಸರು ಸಮೇತ. ನಾಯಿ, ಹಸಿವು, ಸಂಜೆ. ಆ ದಿನ ಸತ್ತವರ ಹೆಸರನ್ನು ಯಾರೂ ಸರಿಯಾಗಿ ಕೇಳಿಸಿಕೊಂಡಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಒಂದು ಮಣ್ಣಿಗೆ ಜನವೇ ಸೇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದಾರ್ದೋನ ಗೇಟಿನ ಮುಂದೆ ಮಡಚುವ ಕುರ್ಚಿಗಳು ಬಂದವು. ಹೆಂಡತಿ ಬಿಟ್ಟುಹೋದವರು, ನಿದ್ದೆ ಬಾರದವರು, ಬರೀ ಕುತೂಹಲದವರು. ದಾರ್ದೋ ಕಿಟಕಿಯಿಂದ, “ಹೋಗ್ರಿ” ಎಂದು ಕೂಗಿದ.

“ಕೇಳಿದ್ರಾ?” ಮಾಂಸದಂಗಡಿಯವನು ಪಕ್ಕದವನಿಗೆ ಹೇಳಿದ. “ಹೋಗಬೇಕು. ನಿಂತಲ್ಲೇ ನಿಲ್ಲಬಾರದು. ಒಂದೇ ಮಾತಲ್ಲಿ ಎಷ್ಟು ಹೇಳಿಬಿಟ್ರು ನೋಡಿ.”

ಅವನು ಬೈದರೆ ಅರ್ಥ ಹುಡುಕಿದರು, ಬಾಗಿಲು ಹಾಕಿಕೊಂಡರೆ ಮೌನವನ್ನು ಹೊಗಳಿದರು. ಊರಲ್ಲಿ ನಾಯಿ ಸಾಕುವವರು ಹೆಚ್ಚಿದರು. ನುಬಿಯಾ ಚೇತರಿಸಿಕೊಂಡದ್ದು ದಾರ್ದೋನ ಉಪದೇಶದಿಂದ ಎಂದೇ ಎಲ್ಲರ ನಂಬಿಕೆ. ಡಾಕ್ಟರ ಹೆಸರನ್ನು ಯಾರೂ ಎತ್ತಲಿಲ್ಲ. ಅವರೂ ಒಂದು ನಾಯಿಮರಿ ತಂದರೆಂದು ಕೇಳಿದೆ.

ನುಬಿಯಾ ಕ್ಷಮೆ ಕೇಳಲು ಹೋದಳು. ಅವನು ಬಾಗಿಲನ್ನು ಒಂದಿಷ್ಟೇ ತೆರೆದ.

“ನನ್ನ ಪಾಡಿಗೆ ನಾನು ಬೇಜಾರಾಗಿದ್ದೆ, ತಾಯಿ. ಅದನ್ನೂ ಕಿತ್ಕೊಂಡ್ರಿ.”

ಮರುದಿನ ಅವಳು, ದಾರ್ದೋ ಜ್ಞಾನಿಯಲ್ಲ, ಗುರುವಲ್ಲ, ಅವರನ್ನು ಬಿಟ್ಟುಬಿಡಿ ಎಂದು ರೇಡಿಯೋದಲ್ಲಿ ಬೇಡಿಕೊಂಡಳು. ಎಂಥ ವಿನಯ, ಅವರೇ ಹೇಳಿಸಿರಬೇಕು ಎಂದು ಕುರ್ಚಿಗಳು ಇನ್ನಷ್ಟು ಬಂದವು. ದಾರ್ದೋ ನಾಯಿಯನ್ನು ನುಬಿಯಾಳ ಅಂಗಳದಲ್ಲಿ ಕಟ್ಟಿ, ದೋಣಿ ಹತ್ತಿ ಆಚೆ ದಡದ ಅರ್ಜೆಂಟೀನಾದಲ್ಲಿದ್ದ ತಂಗಿಯ ಮನೆಗೆ ಹೋದ.

ಅಕ್ಟೋಬರಿನಲ್ಲಿ ಮರಳಿ ಬಂದಾಗ ಗೇಟಿನ ಮುಂದೆ ಯಾರೂ ಇರಲಿಲ್ಲ. ತಣ್ಣೀರು ಸ್ನಾನದಿಂದ ದುಃಖ ಕಳೆದುಕೊಂಡ ಹೆಂಗಸೊಬ್ಬಳು ರೈಲ್ವೆ ಸ್ಟೇಷನ್ನಿನ ಬಳಿ ಸಿಕ್ಕಿದ್ದಳು; ಊರು ಅಲ್ಲಿತ್ತು. ದಾರ್ದೋಗೆ ಸ್ವಲ್ಪ ಬೇಜಾರಾಯಿತೆಂದು ನುಬಿಯಾ ಹೇಳುತ್ತಾಳೆ. ನಾನು ನಂಬುತ್ತೇನೆ.

ಅವಳಿಗೆ ಈಗಲೂ ಕೆಲವು ದಿನ ಏಳುವುದು ಕಷ್ಟ. ಅಂಥ ದಿನ ಬರುವುದಿಲ್ಲವೆಂದು ಫೋನು ಮಾಡುತ್ತಾಳೆ, ನಾನು ಸೀದಾ ಸತ್ತವರಿಂದ ಶುರುಮಾಡುತ್ತೇನೆ. ಸಂಜೆ ಮಾತ್ರ ಅವಳೂ ದಾರ್ದೋನೂ ನಾಯಿಯ ಜೊತೆ ನಡೆಯುತ್ತಾರೆ, ಮಾತಾಡಬಾರದೆಂಬ ಕರಾರಿನ ಮೇಲೆ. ಮೊನ್ನೆ ದಡದಲ್ಲಿ ಅವಳಿಗೆ ತಡೆಯಲಾಗಲಿಲ್ಲ.

“ದೋನ್ ದಾರ್ದೋ, ಒಂದು ವಿಚಾರ ಹೊಳೀತು.”

“ಹೊಳೆಗೇ ಬಿಟ್ಬಿಡಿ,” ಎಂದು ಅವನು ಮಾಟೆಯ ಸೋರೆಬುರುಡೆಯನ್ನು ಅವಳ ಕೈಗೆ ಕೊಟ್ಟ.